ಹುಣಸೆ ಬೀಜ, ತವರ ಮತ್ತು ಕಿನ್ನಾಳದ ಕುದುರೆ

ಕೊಪ್ಪಳ ಪಟ್ಟಣದಿಂದ ಸುಮಾರು 13 ಕಿಲೋಮೀಟರ್ ದೂರದ ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಅಲ್ಲಿ ತಯಾರಾದ ಮರದ ಕುದುರೆಯನ್ನು ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ಅದು ಎಷ್ಟು ಹಗುರ ಎಂಬುದು. ಆಮೇಲೆ ಕಣ್ಣಿಗೆ ಬೀಳುವುದು ಅದರ ಮೈ. ಕಾಲು, ಕತ್ತು, ಬಾಲ ಎಲ್ಲವನ್ನೂ ಬೇರೆ ಬೇರೆಯಾಗಿ ಕೆತ್ತಿ ಕೂಡಿಸಿದ್ದರೂ ಎಲ್ಲಿಯೂ ಸಂದಿ ಕಾಣುವುದಿಲ್ಲ. ಕೊನೆಗೆ ಜೀನು, ಲಗಾಮು, ಕೊರಳಸರಗಳ ಹೊಳಪು. ನೋಡಿದವರು ಚಿನ್ನವೆಂದೇ ಅಂದುಕೊಳ್ಳುತ್ತಾರೆ. ಅದರಲ್ಲಿ ಗುಲಗಂಜಿ ತೂಕದ ಚಿನ್ನವೂ ಇಲ್ಲ.

ಈ ಮೂರು ಗುಣಗಳೂ ತಾವಾಗಿ ಬಂದವಲ್ಲ. ಒಂದೊಂದರ ಹಿಂದೆಯೂ ಬಿಡಿಸಲು ಕಷ್ಟವಾದ ಒಂದು ತೊಡಕಿತ್ತು. ಅದನ್ನು ಬಿಡಿಸಿದವರು ಕೈಗೆ ಸಿಕ್ಕ ಸಾಮಾನುಗಳನ್ನೇ ಕುದಿಸಿ, ಅರೆದು, ಬಳಿದು, ಒಣಗಿಸಿ, ಒಡೆದದ್ದನ್ನು ಬಿಟ್ಟು ಉಳಿದದ್ದನ್ನು ಹಿಡಿದರು. ನಾವು ಆವಿಷ್ಕಾರ ಎಂಬ ಮಾತನ್ನು ಪ್ರಯೋಗಾಲಯಕ್ಕೆ, ಪೇಟೆಂಟಿಗೆ, ಒಬ್ಬ ವಿಜ್ಞಾನಿಯ ಹೆಸರಿಗೆ ಮೀಸಲಿಟ್ಟುಬಿಟ್ಟಿದ್ದೇವೆ. ಕಿನ್ನಾಳದ ಕುದುರೆಗೂ ಆ ಮಾತು ಪೂರ್ಣ ಅರ್ಥದಲ್ಲಿ ಸಲ್ಲಬೇಕು ಎಂಬುದು ನನ್ನ ವಾದ. ಏಕೆ ಎಂಬುದಕ್ಕೆ ಉತ್ತರ ಹುಣಸೆ ಬೀಜದಲ್ಲಿದೆ, ತವರದಲ್ಲಿದೆ.

ಸವಾರರ ಸೀಮೆ

ಕುದುರೆ ಸವಾರನನ್ನು ಗೇಣುದ್ದದೊಳಗೆ ಹಿಡಿದಿಡುವ ಆಸೆ ಈ ನೆಲಕ್ಕೆ ಬಹಳ ಹಳೆಯದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ, ಜನ ಮೋರೇರ ಗುಡ್ಡ ಎಂದು ಕರೆಯುವ ಬೆಟ್ಟದ ಮೇಲೆ, ಸುಮಾರು 400 ಬೃಹತ್ ಶಿಲಾ ಸ್ಮಾರಕಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಕಲ್ಮನೆಗಳು ಅವುಗಳಲ್ಲಿ ಹೆಚ್ಚಿನವು. ಅಲ್ಲಿನ ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಕೈಕೈ ಹಿಡಿದು ಕುಣಿಯುವ ಜನ, ಜಿಂಕೆ, ಗೂಳಿ, ಜೊತೆಗೆ ಆಯುಧ ಹಿಡಿದು ಕುದುರೆಯ ಮೇಲೆ ಕೂತ ಸವಾರರು. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಬಂಡೆಯ ಸವಾರ ಮುಂದೆ ಕಲ್ಲಿಗೆ ಇಳಿದ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಸುತ್ತಲೂ ದಂಡಿನ ದಾರಿಗಳು ಹಾದುಹೋದವು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ವಿಜಯನಗರದ ಕಾಲಕ್ಕೆ ಬಂದರೆ ಕುದುರೆಯೇ ರಾಜ್ಯದ ಬಲ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ಪ್ರಕಾರ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ. ಅವುಗಳಲ್ಲಿ ಹಡಗಿನಲ್ಲಿ ಬಂದ ಓರ್ಮುಜ್ ಕುದುರೆಗಳೂ ಇದ್ದವು, ನಾಡತಳಿಗಳೂ ಇದ್ದವು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಆ ಕುದುರೆಗಳ ಸಾಲು ಇಂದಿಗೂ ನಡೆಯುತ್ತಿದೆ.

ಕಿನ್ನಾಳದ ಚಿತ್ರಗಾರರ ಪರಂಪರೆ ತನ್ನ ಬೇರನ್ನು ಇದೇ ವಿಜಯನಗರದಲ್ಲಿ ಗುರುತಿಸಿಕೊಳ್ಳುತ್ತದೆ. ಹಂಪಿಯ ಪಂಪಾಪತಿ ದೇವಾಲಯದ ರಂಗಮಂಟಪದ ಮೇಲ್ಚಾವಣಿಯ ಚಿತ್ರಗಳು, ಅಲ್ಲಿನ ಮರದ ತೇರಿನ ಸೂಕ್ಷ್ಮ ಕೆತ್ತನೆ ತಮ್ಮ ಹಿರಿಯರ ಕೈಕೆಲಸ ಎಂಬುದು ಅವರ ನಂಬಿಕೆ. ಅದಕ್ಕೆ ಬೆಂಬಲವಾಗಿ ಒಬ್ಬ ಕಲಾವಿದರ ಪೂರ್ವಜರ ಮನೆಯಲ್ಲಿ ಹಳೆಯ ಕಾಗದದ ಮೇಲೆ ತೆಗೆದ ಚಿತ್ರದ ನಕಲುಗಳು ಸಿಕ್ಕವು. ತೇರು ಕಟ್ಟುವ, ಚಾವಣಿಗೆ ಬಣ್ಣ ಹಾಕುವ ಕೈಗಳೇ ದೇವರ ವಾಹನ, ಪಲ್ಲಕ್ಕಿ, ಕೊನೆಗೆ ಮಕ್ಕಳ ಗೊಂಬೆಯವರೆಗೂ ಬಂದವು.

ಸವಾರನನ್ನು ಪುಟ್ಟದಾಗಿ ಹಿಡಿದಿಡುವ ಇದೇ ಆಸೆ ಯುರೋಪಿನಲ್ಲಿ ಬೇರೆ ದಾರಿ ಹಿಡಿಯಿತು. 18ನೇ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಕುಶಲಕರ್ಮಿಗಳು ತವರವನ್ನು ಕರಗಿಸಿ, ಅಚ್ಚಿಗೆ ಸುರಿದು, ಬೆರಳುದ್ದದ ಚಪ್ಪಟೆ ಸಿಪಾಯಿಗಳನ್ನು, ಸವಾರರನ್ನು ಎರಕ ಹೊಯ್ದರು. 1824ರ ಹೊತ್ತಿಗೆ ಪ್ರಷ್ಯದ ಸೇನೆ ತನ್ನ ಅಧಿಕಾರಿಗಳಿಗೆ ಮೇಜಿನ ಮೇಲಿನ ಯುದ್ಧದ ಆಟವನ್ನು ತರಬೇತಿಯಾಗಿ ಒಪ್ಪಿಕೊಂಡಿತು. 1913ರಲ್ಲಿ ಎಚ್. ಜಿ. ವೆಲ್ಸ್ ಆಟಿಕೆ ಸಿಪಾಯಿಗಳಿಂದ ಆಡುವ ಯುದ್ಧದ ಆಟಕ್ಕೆ ನಿಯಮಗಳನ್ನು ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಪ್ರಕಟಿಸಿದ. ಇಂದು ಜಗತ್ತಿನ ಎಷ್ಟೋ ಊರುಗಳಲ್ಲಿ ಕವಚ ತೊಟ್ಟ ಮಧ್ಯಯುಗದ ಸವಾರನ ಪುಟ್ಟ ಗೊಂಬೆಗೆ ಕೂದಲೆಳೆಯ ಕುಂಚದಿಂದ ಬಣ್ಣ ಹಾಕುವವರು ಆ ದಾರಿಯ ವಾರಸುದಾರರು.

ಅಲ್ಲಿ ರೂಪದ ಕಷ್ಟವನ್ನು ಅಚ್ಚು ಬಗೆಹರಿಸಿತು. ಕಿನ್ನಾಳದಲ್ಲಿ ಇದ್ದದ್ದು ಮರ, ಉಳಿ, ಕೈ. ತೊಡಕು ಹುಟ್ಟಿದ್ದು ಅಲ್ಲೇ.

ಮೊದಲ ತೊಡಕು: ಕುದುರೆಯ ಕಾಲು

ಮರದಲ್ಲಿ ಕುದುರೆ ಕೆತ್ತುವುದು ಆನೆ ಕೆತ್ತಿದಷ್ಟು ಸುಲಭವಲ್ಲ. ಭಾರವಾದ ಮೈ, ಅದನ್ನು ಹೊರುವ ನಾಲ್ಕು ತೆಳ್ಳನೆಯ ಕಾಲು, ಮುಂದಕ್ಕೆ ಚಾಚಿದ ಕತ್ತು. ಮರಕ್ಕೆ ಎಳೆಯಿದೆ. ಎಳೆಯುದ್ದಕ್ಕೆ ಅದು ಗಟ್ಟಿ, ಎಳೆಗೆ ಅಡ್ಡಲಾಗಿ ಬಲು ದುರ್ಬಲ. ಒಂದೇ ದಿಮ್ಮಿಯಲ್ಲಿ ಇಡೀ ಕುದುರೆಯನ್ನು ಕಡೆದರೆ ಬೆನ್ನಿಗೆ ಹೊಂದುವ ಎಳೆ ಕಾಲಿಗೆ ಅಡ್ಡ ಬೀಳುತ್ತದೆ. ಆ ಕಾಲು ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಕಿನ್ನಾಳದವರು ಆರಿಸಿಕೊಂಡದ್ದು ಪೊಲ್ಕಿ ಎಂಬ ಹಗುರ ಮರ. ಅದು ಉಳಿಗೆ ಬೇಗ ಒಗ್ಗುತ್ತದೆ, ಒಣಗಿದ ಮೇಲೆ ತೂಕವೇ ಇರುವುದಿಲ್ಲ. ಮೈ ಹಗುರವಾದರೆ ಕಾಲಿನ ಮೇಲಿನ ಹೊರೆಯೂ ಕಡಿಮೆ. ಎರಡನೆಯ ಉಪಾಯ ಗೊಂಬೆಯನ್ನು ಬಿಡಿಬಿಡಿಯಾಗಿ ಕೆತ್ತಿ ಕೂಡಿಸುವುದು. ಪ್ರತಿ ತುಂಡನ್ನೂ ಅದರ ಉದ್ದಕ್ಕೆ ಎಳೆ ಬರುವಂತೆ ಕತ್ತರಿಸಿಕೊಳ್ಳಬಹುದು. ಕಾಲಿಗೆ ಕಾಲಿನ ಎಳೆ, ಕತ್ತಿಗೆ ಕತ್ತಿನ ಎಳೆ. ಕಿನ್ನಾಳದ ಪ್ರಸಿದ್ಧ ಗರುಡನಲ್ಲಿ 12 ಬಿಡಿಭಾಗಗಳಿವೆ, ಸಿಂಹಾಸನದ ಮೇಲೆ ಕೂತ ಗಣೇಶನಲ್ಲಿ 22.

ಆದರೆ ಈ ಉಪಾಯ ಇನ್ನೊಂದು ತೊಡಕನ್ನು ತಂದಿತು. ತುಂಡು ಹೆಚ್ಚಿದಷ್ಟೂ ಸಂದಿ ಹೆಚ್ಚು. ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಎಳೆಗೆ ಅಡ್ಡಲಾಗಿ ಹಿಗ್ಗುವಷ್ಟು ಎಳೆಯುದ್ದಕ್ಕೆ ಹಿಗ್ಗುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗುವ ಈ ಸೀಮೆಯಲ್ಲಿ ಬೇರೆ ಬೇರೆ ದಿಕ್ಕಿನ ಎಳೆಗಳಿರುವ ತುಂಡುಗಳು ಒಂದೊಂದೂ ತನ್ನ ದಿಕ್ಕಿಗೆ ಜಗ್ಗುತ್ತವೆ. ಅವುಗಳ ಮೇಲೆ ಬಣ್ಣ ಹಾಕಿದರೆ ಸಂದಿಯಿದ್ದಲ್ಲೆಲ್ಲ ಬಣ್ಣ ಬಿರಿಯುತ್ತದೆ. ಹನ್ನೆರಡು ತುಂಡುಗಳನ್ನು ಒಂದು ಮೈ ಮಾಡುವ, ಮರದೊಂದಿಗೆ ತಾನೂ ಮಿಸುಕಾಡುವ ಒಂದು ತೊಗಲು ಬೇಕಾಗಿತ್ತು.

ಎರಡನೆಯ ತೊಡಕು: ಮರಕ್ಕೆ ತೊಗಲು

ಆ ತೊಗಲಿನ ಹೆಸರು ಕಿಟ್ಟ. ಗೋಣಿಯ ಚಿಂದಿಯನ್ನು ನೀರಿನಲ್ಲಿ ನೆನೆಹಾಕಿ, ಸಣ್ಣಗೆ ಕತ್ತರಿಸಿ, ಒಣಗಿಸಿ, ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು ಸೇರಿಸುತ್ತಾರೆ. ಎರಡನ್ನೂ ಹಿಡಿದಿಡುವುದು ಹುಣಸೆ ಬೀಜದ ಸರಿ. ಬೀಜದ ಕಂದು ಸಿಪ್ಪೆ ತೆಗೆದು, ಒಳಗಿನ ಬಿಳಿ ಬೇಳೆಯನ್ನು ನೆನೆಸಿ, ಅರೆದು, ನೀರಿನಲ್ಲಿ ಕುದಿಸಿದರೆ ಅದು ದಪ್ಪನೆಯ ಅಂಟಾಗುತ್ತದೆ. ತುಂಡುಗಳನ್ನು ಜೋಡಿಸುವ ಅಂಟೂ ಇದೇ. ಅದಕ್ಕೆ ಬೆಣಚುಕಲ್ಲಿನ ಪುಡಿ ಬೆರೆಸಿ ಬಿಗಿ ಮಾಡಿಕೊಳ್ಳುತ್ತಾರೆ.

ಜೋಡಿಸಿದ ಕುದುರೆಯ ಮೈಗೆಲ್ಲ ಕೈಯಿಂದಲೇ ಕಿಟ್ಟ ಮೆತ್ತುತ್ತಾರೆ. ಸ್ನಾಯುವಿನ ಉಬ್ಬು, ಗೊರಸಿನ ಅಂಚು, ಕುಂಡೆಯ ದುಂಡು ಇಲ್ಲಿ ತಿದ್ದಿಕೊಳ್ಳುತ್ತವೆ. ಅದರ ಮೇಲೆ ಹತ್ತಿಬಟ್ಟೆಯ ಸಣ್ಣ ತುಣುಕುಗಳನ್ನು ಹುಣಸೆ ಸರಿಯಿಂದ ಅಂಟಿಸುತ್ತಾರೆ. ಬಟ್ಟೆಯ ಮೇಲೆ ಕಲ್ಲಿನ ಪುಡಿ, ಅಂಟು ಕಲಸಿದ ಬಿಳಿ ಲೇಪ. ಅದು ಒಣಗಿ, ಉಜ್ಜಿ ನುಣುಪಾದ ಮೇಲೆ ಬಣ್ಣಕ್ಕೆ ಅಂಗಳ ಸಿದ್ಧ.

ಪದರಗಳ ಈ ಕ್ರಮವನ್ನು ಗಮನಿಸಿ. ಒಳಗೆ ಮರ, ಅದರ ಮೇಲೆ ನಾರು ತುಂಬಿದ ಮಿದು ಲೇಪ, ಅದರ ಮೇಲೆ ನೇಯ್ದ ಬಟ್ಟೆ, ಅದರ ಮೇಲೆ ಗಟ್ಟಿ ಕಲ್ಲಿನ ತೆಳುಪದರ, ಕೊನೆಗೆ ಬಣ್ಣ. ಒಳಗಿನ ಮರ ಅಲುಗಿದಾಗ ಆ ಅಲುಗಾಟವನ್ನು ನಾರೂ ಬಟ್ಟೆಯೂ ಹಂಚಿಕೊಂಡು ಸಣ್ಣದು ಮಾಡುತ್ತವೆ, ಕಲ್ಲಿನ ಪದರದವರೆಗೆ ಅದು ಬಿರುಕಾಗಿ ಏರುವುದಿಲ್ಲ. ಸುಮಾರು 1400ರಲ್ಲಿ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ತನ್ನ ಕೈಪಿಡಿಯಲ್ಲಿ ಮರದ ಹಲಗೆಗೆ ಮೊದಲು ನಾರುಬಟ್ಟೆ ಅಂಟಿಸಿ ಆಮೇಲೆ ಬಿಳಿ ಲೇಪ ಬಳಿಯಬೇಕೆಂದು ವಿಧಿಸಿದ್ದಾನೆ. ಮರದ ಮೇಲೆ ಬಣ್ಣ ನಿಲ್ಲಿಸಲು ಹೊರಟ ಎರಡು ದೇಶದ ಕೈಗಳು ಒಂದೇ ತೊಡಕಿಗೆ ಒಂದೇ ಉತ್ತರ ಕಂಡುಕೊಂಡವು. ಚೆನ್ನಿನಿ ಪ್ರಾಣಿಯ ತೊಗಲಿನ ಅಂಟನ್ನು ನೆಚ್ಚಿದ, ದಖನ್ನಿನವರು ಹುಣಸೆ ಬೀಜವನ್ನು ಹಿಡಿದರು.

ಹುಣಸೆ ಬೀಜ ಏಕೆ? ಅದು ಪುಕ್ಕಟೆಯಾಗಿತ್ತು ಎಂಬುದು ಅರ್ಧ ಉತ್ತರ ಮಾತ್ರ. ಹಣ್ಣು ಬಿಡಿಸಿದ ಮನೆಯಲ್ಲಿ ಬೀಜ ರಾಶಿ ಬೀಳುತ್ತದೆ. ಇದೇ ಸೀಮೆಯ ಕಂಬಳಿ ನೇಕಾರರು ಮಗ್ಗದ ಉಣ್ಣೆಯ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಸರಿ ಹಚ್ಚಿ ಅವನ್ನು ಬಿಗಿಗೊಳಿಸಿದರು. ತೆಲಂಗಾಣದ ಚೇರಿಯಾಲದ ಮುಖವಾಡಗಳಿಗೆ, ಆಂಧ್ರದ ಕೊಂಡಪಲ್ಲಿ ಗೊಂಬೆಗಳಿಗೆ ಹುಣಸೆ ಬೀಜವನ್ನೂ ಮರದ ಹೊಟ್ಟನ್ನೂ ಕಲಸಿದ ಲೇಪವೇ ಆಧಾರ. ಅಕ್ಕಿ, ಜೋಳದ ಗಂಜಿಯೂ ಅಂಟುತ್ತದೆ. ಆದರೂ ಮರದ ಕೆಲಸಕ್ಕೆ ಬಂದಾಗ ಇಷ್ಟೂ ಊರುಗಳ ಕೈಗಳು ಹುಣಸೆ ಬೀಜವನ್ನೇ ಎತ್ತಿಕೊಂಡವು. ಉಳಿದರ್ಧ ಉತ್ತರ ಸಿಗಲು ವಿಜ್ಞಾನ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಬೇಕಾಯಿತು.

ಬೀಜದೊಳಗಿನ ಗುಟ್ಟು

1839ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿಗಳಾದ ಫೋಗೆಲ್ ಮತ್ತು ಷ್ಲೈಡೆನ್ ಹುಣಸೆ ಮೊದಲಾದ ಕೆಲವು ಬೀಜಗಳ ತೆಳುಸೀಳಿಗೆ ಅಯೋಡಿನ್ ತಾಗಿಸಿದರು. ಅದು ನೀಲಿಯಾಯಿತು. ಅಯೋಡಿನ್ನಿಗೆ ನೀಲಿಯಾಗುವುದು ಪಿಷ್ಟದ ಗುರುತು. ಆದರೆ ಇದು ಪಿಷ್ಟದ ಕಾಳಾಗಿರಲಿಲ್ಲ, ಜೀವಕೋಶದ ಗೋಡೆಯೇ ಬಣ್ಣಗೊಂಡಿತ್ತು. ಪಿಷ್ಟದಂಥದ್ದು ಎಂಬ ಅರ್ಥದಲ್ಲಿ ಅವರು ಅದನ್ನು ಅಮೈಲಾಯ್ಡ್ ಎಂದು ಕರೆದರು. ಸಸ್ಯಗಳೆಲ್ಲ ಜೀವಕೋಶಗಳಿಂದಲೇ ಆದವು ಎಂಬ ಸಿದ್ಧಾಂತವನ್ನು ಅದರ ಹಿಂದಿನ ವರ್ಷವಷ್ಟೇ ಮಂಡಿಸಿದ್ದ ಷ್ಲೈಡೆನ್ ಇವನೇ.

ಆಮೇಲೆ ಬಹುಕಾಲ ಹುಣಸೆ ಬೀಜದತ್ತ ಹೆಚ್ಚಿನ ಗಮನ ಹರಿಯಲಿಲ್ಲ. ಗಮನ ತಂದದ್ದು ಎರಡನೆಯ ಮಹಾಯುದ್ಧ. ಬಟ್ಟೆ ಗಿರಣಿಗಳಿಗೆ ಹಾಸಿನ ಎಳೆಗೆ ಹಚ್ಚುವ ಪಿಷ್ಟದ ಅಭಾವವಾಯಿತು. 1940ರ ದಶಕದ ಆರಂಭದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಟಿ. ಪಿ. ಘೋಷ್ ಮತ್ತು ಎಸ್. ಕೃಷ್ಣ ಹುಣಸೆ ಬೀಜದ ಬೇಳೆಯಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಸಕ್ಕರೆಯೊಂದಿಗೆ ಅದು ಜಾಮಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟಿತು. ಹಣ್ಣಿನ ಪೆಕ್ಟಿನ್ನಿಗೆ ಬದಲಾಗಿ ಇದನ್ನು ಬಳಸಬಹುದೆಂದು ಅವರು ತೋರಿಸಿದರು. ಹುಣಸೆ ಬೀಜದ ಹಿಟ್ಟು ಹತ್ತಿ, ಸೆಣಬಿನ ಗಿರಣಿಗಳಿಗೆ ಹೊಕ್ಕಿತು. ಕಂಬಳಿ ನೇಕಾರನ ಸರಿ ಹೀಗೆ ಯಂತ್ರದ ಮಗ್ಗಕ್ಕೆ ಬಂತು.

ಆ ವಸ್ತು ರಾಸಾಯನಿಕವಾಗಿ ಏನು? ಪಿ. ಎಸ್. ರಾವ್ ಈ ಪ್ರಶ್ನೆಯ ಹಿಂದೆ ಬಿದ್ದರು. 1953ರಲ್ಲಿ ಇ. ವಿ. ವೈಟ್ ಅವರ ಜೊತೆ ಅದರ ರಚನೆಯ ಕುರಿತ ಸಂಶೋಧನೆಯನ್ನು ಅಮೆರಿಕದ ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಪೆಕ್ಟಿನ್ ಅಲ್ಲ, ಪಿಷ್ಟವೂ ಅಲ್ಲ. ಗ್ಲೂಕೋಸಿನ ಉದ್ದನೆಯ ಸರಪಳಿ, ಅದಕ್ಕೆ ಪಕ್ಕದಲ್ಲಿ ಝೈಲೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳ ಸಣ್ಣ ಕೊಂಬೆಗಳು. ಈಗ ಅದಕ್ಕೆ ಝೈಲೋಗ್ಲೂಕನ್ ಎಂದು ಹೆಸರು. ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ: ಆ ನಡುವಿನ ಸರಪಳಿ ಸೆಲ್ಯುಲೋಸಿನ ಸರಪಳಿಯದೇ ಮಾದರಿ. ಮರ, ಸೆಣಬು, ಹತ್ತಿ ಮೂರರ ಮೂಲದ್ರವ್ಯ ಸೆಲ್ಯುಲೋಸ್.

ಕೊನೆಯ ಗಂಟು ಬಿಚ್ಚಿದ್ದು 1973ರಲ್ಲಿ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪೀಟರ್ ಆಲ್ಬರ್ಷೈಮ್ ಅವರ ತಂಡ ಸಿಕಮೋರ್ ಮರದ ಜೀವಕೋಶಗಳನ್ನು ಬೆಳೆಸಿ, ಅವುಗಳ ಗೋಡೆ ಹೇಗೆ ಕಟ್ಟಿದೆ ಎಂದು ಪದರ ಪದರವಾಗಿ ಬಿಡಿಸಿ ನೋಡುತ್ತಿತ್ತು. ಗೋಡೆಯೊಳಗೆ ಸೆಲ್ಯುಲೋಸಿನ ಎಳೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ದ್ರವ್ಯ ಝೈಲೋಗ್ಲೂಕನ್. ಎರಡೂ ಸರಪಳಿಗಳ ಆಕಾರ ಒಂದೇ ಆದ್ದರಿಂದ ಒಂದು ಇನ್ನೊಂದರ ಮೇಲೆ ಉದ್ದಕ್ಕೆ ಒರಗಿ, ನೂರಾರು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುತ್ತದೆ. ಒಂದೊಂದು ಬಂಧ ದುರ್ಬಲ, ಸಾಲಾಗಿ ನಿಂತರೆ ಬಿಡಿಸುವುದು ಕಷ್ಟ.

ಹುಣಸೆ ಗಿಡ ತನ್ನ ಬೀಜದಲ್ಲಿ ಮೊಳಕೆಯ ಆಹಾರಕ್ಕೆಂದು ಇದೇ ದ್ರವ್ಯವನ್ನು ಕೂಡಿಟ್ಟಿರುತ್ತದೆ. ಅದನ್ನು ಕುದಿಸಿ ಮರಕ್ಕೆ ಹಚ್ಚಿದಾಗ ಕಿನ್ನಾಳದ ಚಿತ್ರಗಾರ, ಗಿಡಗಳು ತಮ್ಮ ಮೈ ಕಟ್ಟಲು ಬಳಸುವ ಬೆಸುಗೆಯನ್ನೇ ಸತ್ತ ಮರಕ್ಕೆ ಮರಳಿ ಕೊಡುತ್ತಾನೆ. ಹೊಟ್ಟು, ಗೋಣಿ ನಾರು, ಹತ್ತಿಬಟ್ಟೆ, ಪೊಲ್ಕಿ ಮರ ನಾಲ್ಕೂ ಸೆಲ್ಯುಲೋಸಿನವೇ. ಆದ್ದರಿಂದ ನಾಲ್ಕನ್ನೂ ಅದು ಬಿಗಿಯಾಗಿ ಹಿಡಿಯುತ್ತದೆ. ಕುದಿಸುವುದೂ ಸುಮ್ಮನೆ ಬಂದ ಪದ್ಧತಿಯಲ್ಲ. ಈ ದ್ರವ್ಯ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬಿಸಿ ತಾಗಿದ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ಈ ಅಂಟಿನ ಹಿಡಿತದ ಕಾರಣ 1973ರಲ್ಲಿ ಗೊತ್ತಾಯಿತು. ಕೆಲಸ ಅದಕ್ಕಿಂತ ಎಷ್ಟೋ ತಲೆಮಾರು ಮೊದಲೇ ನಡೆದಿತ್ತು.

ಮೂರನೆಯ ತೊಡಕು: ಚಿನ್ನವಿಲ್ಲದ ಚಿನ್ನ

ದೇವರ ವಾಹನಕ್ಕೆ, ಅರಸನ ಕುದುರೆಗೆ ಆಭರಣ ಬೇಕು. ಕಿನ್ನಾಳದವರು ಆಭರಣವನ್ನು ಬರೆಯುವುದಕ್ಕಿಂತ ಮೊದಲು ಉಬ್ಬಿಸುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ತೆಳ್ಳಗೆ ಕಲಸಿ, ಹನಿ ಹನಿಯಾಗಿ, ಗೆರೆ ಗೆರೆಯಾಗಿ ಇಟ್ಟು ಮಣಿಸರ, ಗೆಜ್ಜೆ, ಜೀನಿನ ಅಂಚುಗಳನ್ನು ಮೈಯಿಂದ ಮೇಲೆಬ್ಬಿಸುತ್ತಾರೆ. ಬೆಳಕು ಒಂದು ಬದಿಯಿಂದ ಬಿದ್ದಾಗ ಪ್ರತಿ ಮಣಿಗೂ ತನ್ನದೇ ನೆರಳು ಸಿಗುತ್ತದೆ. ಅದರ ಮೇಲೆ ಚಿನ್ನದ ಹೊಳಪು ಬರಬೇಕು.

ಚಿನ್ನದ ರೇಕು ದುಬಾರಿ. ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಕಪ್ಪಾಗುತ್ತದೆ. ಹಿತ್ತಾಳೆಯ ಪುಡಿ ಕಾಲ ಕಳೆದಂತೆ ಕಂದುಗಟ್ಟುತ್ತದೆ. ಬರೀ ಹಳದಿ ಬಣ್ಣ ಬಳಿದರೆ ಅದು ಅರಿಸಿನದ ಹಳದಿಯಾಗುತ್ತದೆ, ಲೋಹವಾಗುವುದಿಲ್ಲ. ಬಣ್ಣದ ಪುಡಿ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಲೋಹ ಕನ್ನಡಿಯಂತೆ ಒಂದೇ ದಿಕ್ಕಿಗೆ ಮರಳಿಸುತ್ತದೆ. ನಮ್ಮ ಕಣ್ಣು ಈ ವ್ಯತ್ಯಾಸವನ್ನು ಕ್ಷಣದಲ್ಲಿ ಹಿಡಿಯುತ್ತದೆ.

ಕಿನ್ನಾಳದ ಉತ್ತರ ಲಾಜವಾರ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ತವರವೇ ಇಲ್ಲಿಯೂ ಬರುತ್ತದೆ. ಅದನ್ನು ಅಂಟಿನ ಜೊತೆ ಕುಟ್ಟಿ, ಅರೆದು, ನುಣ್ಣನೆಯ ಲೇಪ ಮಾಡುತ್ತಾರೆ. ಬಳಿದಾಗ ಅದು ಮಂಕಾದ ಬೂದಿಬಣ್ಣ. ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಬೇಕು. ತವರ ಬಲು ಮೆತ್ತನೆಯ ಲೋಹ, 232 ಡಿಗ್ರಿಗೇ ಕರಗುವಂಥದ್ದು. ಚಿನ್ನ ಕರಗಲು 1064 ಡಿಗ್ರಿ ಬೇಕು. ಕಲ್ಲಿನ ಒತ್ತಡಕ್ಕೆ ತವರದ ಸಣ್ಣ ಕಣಗಳು ಚಪ್ಪಟೆಯಾಗಿ, ಒಂದರ ಅಂಚು ಇನ್ನೊಂದರ ಮೇಲೆ ಹರಡಿ ಕೂಡಿಕೊಳ್ಳುತ್ತವೆ. ಮಂಕು ಲೇಪ ಬೆಳ್ಳಿಯಾಗಿ ಹೊಳೆಯತೊಡಗುತ್ತದೆ. ಬೆಂಕಿಯಿಲ್ಲದೆ, ಎರಕವಿಲ್ಲದೆ, ಮರದ ಮೇಲೆ ಲೋಹದ ಹಾಳೆ ಸಿದ್ಧವಾಗುತ್ತದೆ. ಬೆಳ್ಳಿ ಬೇಕಾದಲ್ಲಿ ಅದನ್ನು ಹಾಗೇ ಬಿಡುತ್ತಾರೆ. ಚಿನ್ನ ಬೇಕಾದಲ್ಲಿ ಅದರ ಮೇಲೆ ಪಾರದರ್ಶಕವಾದ ಹಳದಿ ವಾರ್ನಿಷ್.

ಇದು ಚಿನ್ನವಾಗಿ ಕಾಣುವುದಕ್ಕೆ ಭೌತಶಾಸ್ತ್ರದಲ್ಲಿ ನೇರ ಕಾರಣವಿದೆ. ಚಿನ್ನ ಹಳದಿಯಾಗಿ ಕಾಣುವುದು ಅದು ಬೆಳಕಿನ ನೀಲಿ ಭಾಗವನ್ನು ಹೀರಿಕೊಂಡು ಉಳಿದದ್ದನ್ನು ಮರಳಿಸುವುದರಿಂದ. ತವರ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಮರಳಿಸುತ್ತದೆ. ಹಳದಿ ವಾರ್ನಿಷಿನ ಮೂಲಕ ಬೆಳಕು ಎರಡು ಸಲ ಹಾದುಹೋಗುತ್ತದೆ, ತವರದ ಕಡೆಗೆ ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ. ಎರಡು ಸಲವೂ ನೀಲಿ ಕಡಿಮೆಯಾಗುತ್ತದೆ. ಹೊಳಪು ತವರದ್ದು, ಬಣ್ಣ ವಾರ್ನಿಷಿನದು, ಎರಡೂ ಸೇರಿ ಕಣ್ಣಿಗೆ ತಲುಪುವ ಬೆಳಕು ಚಿನ್ನದ್ದಕ್ಕೆ ತೀರ ಹತ್ತಿರ. ಚಿನ್ನದ ಕೆಲಸವನ್ನು ಎರಡಾಗಿ ಒಡೆದು ಎರಡು ಅಗ್ಗದ ವಸ್ತುಗಳಿಗೆ ಹಂಚಿಕೊಟ್ಟದ್ದು ಲಾಜವಾರದ ಜಾಣ್ಮೆ.

ಯುರೋಪಿನಲ್ಲಿ ಸವಾರ ಯೋಧರ ಕಾಲವಾದ 12ನೇ ಶತಮಾನದಲ್ಲಿ ಜರ್ಮನ್ ಸೀಮೆಯ ಥಿಯೋಫಿಲಸ್ ಎಂಬ ಸನ್ಯಾಸಿ ಕುಶಲಕಲೆಗಳ ಮೇಲೆ ಲ್ಯಾಟಿನ್ನಿನಲ್ಲಿ ಗ್ರಂಥವೊಂದನ್ನು ಬರೆದ. ಚಿನ್ನವಿಲ್ಲದವರು ತವರದ ತಗಡಿಗೆ ವಾರ್ನಿಷ್ ಬಳಿದು, ಕೇಸರಿ ಬೆರೆಸಿದ ಹಳೆಯ ದ್ರಾಕ್ಷಾರಸದಲ್ಲೋ ಬಿಯರಿನಲ್ಲೋ ನೆನೆಸಿ ಚಿನ್ನದ ಬಣ್ಣ ತರಬೇಕೆಂದು ಅದರಲ್ಲಿ ವಿವರಿಸಿದ್ದಾನೆ. ಅವನದು ತಗಡು, ಕಿನ್ನಾಳದ್ದು ಅರೆದ ಲೇಪ. ಉಬ್ಬಿದ ಮಣಿಗಳ ಮೇಲೆ, ಬೆರಳು ಹೋಗದ ಸಂದುಗಳಲ್ಲಿ ತಗಡು ಸರಿಯಾಗಿ ಕೂರುವುದಿಲ್ಲ. ಲೇಪ ಕುಂಚ ಹೋದಲ್ಲೆಲ್ಲ ಹೋಗುತ್ತದೆ. ಸಣ್ಣ ಗೊಂಬೆಯ ಕೆಲಸಕ್ಕೆ ಕಿನ್ನಾಳದ ದಾರಿಯೇ ಹೆಚ್ಚು ಹೊಂದುತ್ತದೆ. ಥಿಯೋಫಿಲಸನ ಹೆಸರನ್ನು ಕಲೆಯ ಇತಿಹಾಸದ ಪುಸ್ತಕಗಳು ಗೌರವದಿಂದ ಎತ್ತುತ್ತವೆ. ಲಾಜವಾರವನ್ನು ಕಂಡವರಿಗೂ ಆ ಗೌರವ ಸಲ್ಲಬೇಕು.

ಬಣ್ಣದ ಸರದಿ

ಇಷ್ಟೆಲ್ಲ ಆದ ಮೇಲೆ ಬಣ್ಣ. ಇಲ್ಲಿಯೂ ಕ್ರಮವಿದೆ. ಬಿಳಿ ಅಂಗಳದ ಮೇಲೆ ಮೊದಲು ಮೈಯ ದೊಡ್ಡ ಬಣ್ಣ, ಆಮೇಲೆ ಜೀನಿನ ಬಟ್ಟೆಯ ಕೆಂಪು, ಹಸಿರು, ಅದರ ಮೇಲೆ ಬಳ್ಳಿ, ಚುಕ್ಕಿ, ಕೊನೆಗೆ ಕಣ್ಣು. ಬಿಳಿಯ ಮೇಲೆ ಬಿದ್ದ ಬಣ್ಣ ತನ್ನ ಪೂರ್ಣ ಕಾಂತಿಯಲ್ಲಿ ಕಾಣುತ್ತದೆ, ಮರದ ಕಂದಿನ ಮೇಲೆ ಅದೇ ಬಣ್ಣ ಮಬ್ಬಾಗುತ್ತದೆ. ಕಿನ್ನಾಳದ ಗೊಂಬೆಗಳ ಬಣ್ಣ ಹತ್ತು ಮಾರು ದೂರದಿಂದಲೂ ಕಣ್ಣನ್ನು ಕರೆಯುವುದಕ್ಕೆ ಆ ಬಿಳಿ ಪದರವೇ ಕಾರಣ. ಬಣ್ಣದ ಪದರಕ್ಕೆ ಇನ್ನೊಂದು ಹೊಣೆಯೂ ಇದೆ. ಹುಣಸೆಯ ಅಂಟಿಗೆ ನೀರು ಶತ್ರು. ಬಣ್ಣ, ವಾರ್ನಿಷ್ ತೇವವನ್ನು ಹೊರಗೇ ತಡೆದು ಕಿಟ್ಟವನ್ನು ಕಾಯುತ್ತವೆ.

ಇಂದು ಮೇಜಿನ ಮೇಲಿನ ಯುದ್ಧದ ಆಟಕ್ಕಾಗಿ ಲೋಹದ, ಪ್ಲಾಸ್ಟಿಕ್ಕಿನ ಸವಾರರಿಗೆ ಬಣ್ಣ ಹಾಕುವ ಹವ್ಯಾಸಿಗಳೂ ಮೊದಲು ಅಡಿಬಣ್ಣ, ಆಮೇಲೆ ದೊಡ್ಡ ಬಣ್ಣ, ಆಮೇಲೆ ನೆರಳು, ಬೆಳಕು, ಸೂಕ್ಷ್ಮ ವಿವರ ಎಂಬ ಇಂಥದೇ ಸರದಿಯನ್ನು ಸಾಮಾನ್ಯವಾಗಿ ಪಾಲಿಸುತ್ತಾರೆ. ಸಣ್ಣ ರೂಪದ ಮೇಲೆ ಬಣ್ಣ ಕೂರಿಸುವ ಕೆಲಸಕ್ಕೆ ಅದರದೇ ನ್ಯಾಯವಿದೆ, ಎಲ್ಲಿ ಕೂತು ಮಾಡಿದರೂ ಅದು ಒಂದೇ. ವ್ಯತ್ಯಾಸವೆಂದರೆ ಆ ಹವ್ಯಾಸಿಯ ಅಡಿಬಣ್ಣ, ಅಂಟು, ಲೋಹದ ಬಣ್ಣ ಅಂಗಡಿಯ ಡಬ್ಬಿಯಲ್ಲಿ ಬರುತ್ತವೆ. ಚಿತ್ರಗಾರರ ಮನೆಯಲ್ಲಿ ಅವು ಅಡುಗೆಮನೆಯ ಒರಳಿನಲ್ಲಿ, ಒಲೆಯ ಮೇಲೆ ಹುಟ್ಟುತ್ತಿದ್ದವು.

ಬರೆದಿಡಬೇಕಾದ ವಿದ್ಯೆ

ಹಳೆಯ ಮನೆಯಲ್ಲಿ ಸಿಕ್ಕ ಆ ಕಾಗದದ ನಕಲುಗಳು ಗೆರೆಯನ್ನು ಉಳಿಸಿದವು. ಯಾವ ದೇವರಿಗೆ ಯಾವ ಭಂಗಿ, ಯಾವ ಅಳತೆ ಎಂಬುದನ್ನು ಅವುಗಳಿಂದ ಮತ್ತೆ ತೆಗೆಯಬಹುದು. ಕಿಟ್ಟದ ಹದವನ್ನು ಕಾಗದದ ನಕಲು ಉಳಿಸಲಾರದು. ಸರಿ ಎಷ್ಟು ಹೊತ್ತು ಕುದಿಯಬೇಕು, ಹೊಟ್ಟಿಗೆ ನಾರು ಎಷ್ಟು, ತವರ ಎಷ್ಟು ನುಣುಪಾದಾಗ ಅರೆಯುವುದನ್ನು ನಿಲ್ಲಿಸಬೇಕು ಎಂಬುದು ಬೆರಳಿಗೆ ಗೊತ್ತಿರುವ ವಿದ್ಯೆ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ವರ್ಷಗಟ್ಟಲೆ ಮಾಡಿದರೆ ಮಾತ್ರ ಅದು ದಾಟುತ್ತದೆ. ಕಾರ್ಖಾನೆಯ ಬಣ್ಣ, ಡಬ್ಬಿಯ ಅಂಟು ಬಂದ ಮೇಲೆ ಹುಣಸೆ ಬೀಜ ಅರೆಯುವ, ತವರ ಕುಟ್ಟುವ ದೀರ್ಘ ಶ್ರಮವನ್ನು ಬಿಡುವುದು ಸಹಜ. ಒಂದು ತಲೆಮಾರು ಬಿಟ್ಟರೆ ಸಾಕು, ಆ ಬೆರಳು ಮರೆಯುತ್ತದೆ.

ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ಹದವನ್ನು ಕಾಯುವುದಿಲ್ಲ. ಇದೇ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಕೊಪ್ಪಳ ಸೀಮೆಯ ಗೊಂಬೆಯ ವಿದ್ಯೆಯತ್ತ ದೇಶವೇ ತಿರುಗಿ ನೋಡಿತು. ಕಿನ್ನಾಳದ ಗೊಂಬೆಗೆ ಗೌರವದ ಜೊತೆ ಇನ್ನೂ ಒಂದು ಸಲ್ಲಬೇಕು, ಅದು ಅಧ್ಯಯನ. ಜಿಲ್ಲೆಯ ಕಾಲೇಜುಗಳ ರಸಾಯನಶಾಸ್ತ್ರದ ಅಧ್ಯಾಪಕರು, ವಿದ್ಯಾರ್ಥಿಗಳು ಚಿತ್ರಗಾರರ ಪಕ್ಕದಲ್ಲಿ ಕೂತು ಕಿಟ್ಟದ ಪ್ರತಿ ಪಾಲನ್ನೂ ತೂಗಿ, ಕುದಿಯುವ ಬಿಸಿಯನ್ನು ಅಳೆದು, ಲಾಜವಾರದ ಪ್ರತಿ ಹಂತವನ್ನೂ ಕನ್ನಡದಲ್ಲಿ ಬರೆದಿಡಬೇಕು. ಆ ಬರಹದ ಮೊದಲ ಪುಟದಲ್ಲಿ ಹೇಳಿಕೊಟ್ಟ ಚಿತ್ರಗಾರರ ಹೆಸರು ಲೇಖಕರಾಗಿ ಇರಬೇಕು, ಮಾಹಿತಿ ಕೊಟ್ಟವರಾಗಿ ಅಲ್ಲ. ಅವರ ಒಪ್ಪಿಗೆಯಿಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು.

ಓದುಗರಿಗೂ ಒಂದು ಮಾತು. ಹಂಪಿಗೆ, ಆನೆಗೊಂದಿಗೆ ಬಂದವರು ಅರ್ಧ ದಿನ ಉಳಿಸಿಕೊಂಡು ಕಿನ್ನಾಳಕ್ಕೂ ಹೋಗಿಬನ್ನಿ. ಕುದುರೆಯನ್ನು ಕೊಳ್ಳುವಾಗ ಕಿಟ್ಟ ಹಾಕಿದ್ದನ್ನು, ಲಾಜವಾರದ್ದನ್ನು ಕೇಳಿ ಪಡೆಯಿರಿ, ಅದಕ್ಕೆ ತಗಲುವ ದಿನಗಳ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿ. ಕೇಳುವವರು ಇದ್ದರೆ ಅರೆಯುವವರು ಉಳಿಯುತ್ತಾರೆ. ಹುಣಸೆ ಬೀಜದಿಂದ ಮರಕ್ಕೆ ತೊಗಲು ಹಾಕಿದ್ದು, ತವರದಿಂದ ಚಿನ್ನದ ಬೆಳಕು ತೆಗೆದದ್ದು ಕನ್ನಡ ನಾಡಿನ ದೊಡ್ಡ ಆವಿಷ್ಕಾರಗಳು. ಅವು ಕಿನ್ನಾಳದ ಚಿತ್ರಗಾರರ ಹೆಸರಿನಲ್ಲಿ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕು.